ಬಂಡೆಯೊಳಗಿಂದ ಟ್ರೋಲ್ ಎದ್ದುಬರುವಂತೆ: ಜಾನ್ ಬಾವರ್ ಕ್ರಮದಲ್ಲಿ ಕಾಡಿನ ಚಿತ್ರ ಬರೆಯುವ ಬಗೆ

ಸ್ವೀಡನ್ನಿನ ಚಿತ್ರಕಾರ ಜಾನ್ ಬಾವರ್ 1913ರಲ್ಲಿ ಬರೆದ ಒಂದು ಜಲವರ್ಣ ಚಿತ್ರದಲ್ಲಿ, ಕಪ್ಪು ನೀರಿನ ಪುಟ್ಟ ಕೊಳವೊಂದರ ದಂಡೆಯ ಮೇಲೆ ಚಿಕ್ಕ ಹುಡುಗಿಯೊಬ್ಬಳು ನೀರನ್ನೇ ದಿಟ್ಟಿಸುತ್ತ ಕುಳಿತಿದ್ದಾಳೆ. ಅವಳು ತೂವ್‌ಸ್ಟಾರ್ ಎಂಬ ರಾಜಕುಮಾರಿ. ಸ್ಕುಟ್ ಎಂಬ ಎಲ್ಕ್ ಜಿಂಕೆಯ ಬೆನ್ನೇರಿ ಕಾಡಿಗೆ ಬಂದವಳು ದಾರಿಯಲ್ಲಿ ಕಿರೀಟವನ್ನು ಕಳೆದುಕೊಳ್ಳುತ್ತಾಳೆ, ಕೊನೆಗೆ ಕೊರಳಲ್ಲಿದ್ದ ಚಿನ್ನದ ಹೃದಯವೂ ನೀರಿಗೆ ಬೀಳುತ್ತದೆ, ಅದನ್ನು ಹುಡುಕುತ್ತ ಕುಳಿತವಳು ಅಲ್ಲಿಂದ ಏಳುವುದೇ ಇಲ್ಲ. ಕಥೆ ಗೊತ್ತಿಲ್ಲದವರಿಗೂ ಈ ಚಿತ್ರ ತಾಗುತ್ತದೆ. ಹಾಳೆಯ ಬಹುಪಾಲು ಕತ್ತಲು, ನೆಟ್ಟಗೆ ನಿಂತ ಮರದ ಕಾಂಡಗಳು, ಅವುಗಳ ನಡುವೆ ಅಂಗೈಯಗಲದ ಬೆಳಕು. ಆ ಬೆಳಕೇ ಹುಡುಗಿ. ಇಂಥ ಚಿತ್ರವೊಂದನ್ನು ನಾವೇ ಬರೆಯಬೇಕಾದರೆ ಯಾವ ಕ್ರಮದಲ್ಲಿ ಹೋಗಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಬಾವರ್ ಚಿತ್ರಗಳಲ್ಲಿ ಕಾಡನ್ನು ಬರೆದು ಅದರೊಳಗೆ ಟ್ರೋಲ್ ಎಂಬ ದೈತ್ಯಜೀವಿಯನ್ನು ತಂದು ನಿಲ್ಲಿಸಿರುವುದಿಲ್ಲ. ಬಂಡೆ, ಬೇರು, ಪಾಚಿ, ಟ್ರೋಲ್ ಎಲ್ಲವೂ ಒಂದೇ ನೆರಳಿನಲ್ಲಿ ಹುಟ್ಟಿ ಆಮೇಲೆ ಬೇರೆಯಾಗುತ್ತವೆ. ಮುಂದೆ ಹೇಳುವ ಎಲ್ಲ ಹೆಜ್ಜೆಗಳೂ ಈ ಒಂದು ಮಾತಿನಿಂದ ಹೊರಟವು.

ಬಾವರ್ ಹುಟ್ಟಿದ್ದು 1882ರಲ್ಲಿ, ದಕ್ಷಿಣ ಸ್ವೀಡನ್ನಿನ ಯೋನ್‌ಶೋಪಿಂಗ್ ಪಟ್ಟಣದಲ್ಲಿ. ಸ್ಟಾಕ್‌ಹೋಮಿನ ರಾಜಮನೆತನದ ಕಲಾ ಅಕಾಡೆಮಿಯಲ್ಲಿ ಕಲಿತ ಮೇಲೆ, ಪ್ರತಿ ಕ್ರಿಸ್‌ಮಸ್‌ಗೆ ಹೊರಬರುತ್ತಿದ್ದ ‘ಬ್ಲಾಂಡ್ ಟೊಮ್ಟಾರ್ ಓಕ್ ಟ್ರೋಲ್’ ಎಂಬ ಕಥಾ ಸಂಪುಟಕ್ಕೆ 1907ರಿಂದ 1910ರವರೆಗೂ, ಮತ್ತೆ 1912ರಿಂದ 1915ರವರೆಗೂ ಚಿತ್ರ ಬರೆದರು. ಟೊಮ್ಟೆ ಎಂದರೆ ಮನೆ, ಕೊಟ್ಟಿಗೆಗಳನ್ನು ಕಾಯುವ ಗಿಡ್ಡ ಮುದುಕ; ಟ್ರೋಲ್ ಎಂದರೆ ಕಾಡಿನ, ಬೆಟ್ಟದ ದೈತ್ಯಜೀವಿ. ಹೆಸರಿನ ಅರ್ಥ ‘ಟೊಮ್ಟೆ ಮತ್ತು ಟ್ರೋಲ್‌ಗಳ ನಡುವೆ’ ಎಂದು. ಇಂದು ನಮಗೆ ಟ್ರೋಲ್ ಎಂದ ಕೂಡಲೇ ಕಣ್ಣಿಗೆ ಕಟ್ಟುವ ಉದ್ದ ಮೂಗು, ಜೋತುಬಿದ್ದ ಕಿವಿ, ದೊಡ್ಡ ಕೈಗಳ ರೂಪ ಬಹುಮಟ್ಟಿಗೆ ಈ ಎಂಟು ಸಂಪುಟಗಳಿಂದ ಮತ್ತು ಅವರಿಗಿಂತ ಹಿರಿಯನಾದ ನಾರ್ವೆಯ ಥಿಯೋಡರ್ ಕಿಟ್ಟೆಲ್ಸನ್ ಅವರ ಚಿತ್ರಗಳಿಂದ ಬಂದದ್ದು.

ಮೊದಲು ನೋಡುವುದು

ಕುಂಚ ಹಿಡಿಯುವ ಮೊದಲು ಎರಡು ಮೂರು ಸಂಜೆಗಳನ್ನು ನೋಡುವುದಕ್ಕೇ ಮೀಸಲಿಡಿ. ಬಾವರ್ 1918ರಲ್ಲಿ ತೀರಿಕೊಂಡದ್ದರಿಂದ ಅವರ ಚಿತ್ರಗಳ ಹಕ್ಕುಸ್ವಾಮ್ಯದ ಅವಧಿ ಮುಗಿದು ಬಹಳ ಕಾಲವಾಗಿದೆ, ಒಳ್ಳೆಯ ಪ್ರತಿಗಳು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಒಂದು ಚಿತ್ರವನ್ನು ಆರಿಸಿ, ಫೋನಿನಲ್ಲಿ ಅದರ ಬಣ್ಣವನ್ನು ತೆಗೆದು ಕಪ್ಪು ಬಿಳುಪಿಗೆ ತಿರುಗಿಸಿ. ಬೇರೆ ಹಲವು ಚಿತ್ರಕಾರರ ಕೆಲಸವನ್ನು ಹೀಗೆ ತಿರುಗಿಸಿದರೆ ಅರ್ಧ ಸೊಬಗು ಹೋಗಿಬಿಡುತ್ತದೆ. ಬಾವರ್ ಚಿತ್ರದಲ್ಲಿ ಹೆಚ್ಚೇನೂ ಹೋಗುವುದಿಲ್ಲ. ಕಾರಣ ಅಚ್ಚಿನ ಯಂತ್ರದಲ್ಲಿದೆ. ಮೊದಲ ಸಂಪುಟಗಳಲ್ಲಿ ಅವರ ಚಿತ್ರಗಳು ಕಪ್ಪು ಮತ್ತು ಹಳದಿ ಎಂಬ ಎರಡೇ ಶಾಯಿಗಳಲ್ಲಿ ಮುದ್ರಣವಾಗುತ್ತಿದ್ದವು. ಹುಡುಗಿಯ ಉಡುಗೆ ನೀಲಿಯೋ ಕೆಂಪೋ ಎಂಬುದು ಓದುಗರಿಗೆ ತಲುಪುವಂತಿರಲಿಲ್ಲ, ಬೆಳಕು ಎಷ್ಟು ಮತ್ತು ನೆರಳು ಎಷ್ಟು ಎಂಬುದಷ್ಟೇ ತಲುಪುತ್ತಿತ್ತು. ಆ ಇಕ್ಕಟ್ಟಿನಲ್ಲಿ ಕೆಲಸ ಮಾಡಿದ ಕೈ ಛಾಯೆಗಳ ಮೇಲೆ ಹಿಡಿತ ಸಾಧಿಸಿತು, ಮುಂದೆ ಹೆಚ್ಚಿನ ಬಣ್ಣ ದೊರೆತಾಗಲೂ ಆ ಹಿಡಿತವನ್ನು ಬಿಡಲಿಲ್ಲ. ಆದ್ದರಿಂದ ನೀವು ಕಪ್ಪು ಬಿಳುಪಾಗಿಸಿದ ಪ್ರತಿಯನ್ನು ಕಣ್ಣು ಕಿರಿದಾಗಿಸಿ ನೋಡಿ, ಅದರಲ್ಲಿ ಎಷ್ಟು ಮುಖ್ಯ ಛಾಯೆಗಳಿವೆ ಎಂದು ಎಣಿಸಿ. ಸಾಮಾನ್ಯವಾಗಿ ನಾಲ್ಕು ಅಥವಾ ಐದು ಸಿಗುತ್ತವೆ. ಅತ್ಯಂತ ಬಿಳಿಯದು ಒಂದೇ ಕಡೆ ಇರುತ್ತದೆ, ಅತ್ಯಂತ ಕಪ್ಪಾದದ್ದು ಅದರ ಪಕ್ಕದಲ್ಲೇ ಇರುತ್ತದೆ.

ಆಮೇಲೆ ಕಾಡನ್ನು ಅರಿತುಕೊಳ್ಳಬೇಕು, ಏಕೆಂದರೆ ನಮ್ಮ ಕಣ್ಣಿನಲ್ಲಿರುವ ಕಾಡು ಬೇರೆ. ಯೋನ್‌ಶೋಪಿಂಗ್ ಸುತ್ತಲಿನ ಸ್ಮೋಲಾಂಡ್ ಪ್ರಾಂತ್ಯದ ಕಾಡಿನಲ್ಲಿ ಹೆಚ್ಚಾಗಿ ಸ್ಪ್ರೂಸ್ ಮತ್ತು ಪೈನ್ ಮರಗಳಿವೆ. ಸ್ಪ್ರೂಸ್ ಕಾಂಡ ಕಂಬದಂತೆ ನೇರ, ಕೆಳಗಿನ ಕೊಂಬೆಗಳು ಬೆಳಕಿಲ್ಲದೆ ಒಣಗಿ ಕಡ್ಡಿಗಳಂತೆ ಚಾಚಿಕೊಂಡಿರುತ್ತವೆ. ಹಿಮಯುಗದ ಹಿಮನದಿಗಳು ಕರಗುವಾಗ ಬಿಟ್ಟುಹೋದ ದೊಡ್ಡ ದೊಡ್ಡ ಗುಂಡುಕಲ್ಲುಗಳು ನೆಲದ ತುಂಬ ಬಿದ್ದಿವೆ, ಅವುಗಳ ಮೇಲೆ ದಪ್ಪ ಪಾಚಿ ಹಬ್ಬಿದೆ. ಮಬ್ಬಿನಲ್ಲಿ ಅಂಥ ಕಲ್ಲೊಂದು ಬೆನ್ನು ಬಗ್ಗಿಸಿ ಕೂತ ಮುದುಕನಂತೆ ಕಾಣುವುದಕ್ಕೆ ಹೆಚ್ಚು ಕಲ್ಪನೆ ಬೇಕಾಗುವುದಿಲ್ಲ. ಮಲೆನಾಡಿನಲ್ಲಿ ಬೆಳೆದವರು ಈ ಚಿತ್ರ ಬರೆಯಲು ಕೂತಾಗ ಬಳ್ಳಿ, ಅಗಲ ಎಲೆ, ಮರದ ಬುಡದ ಹಲಗೆಬೇರು ಇವೆಲ್ಲ ಕೈಯಲ್ಲಿ ತಾವಾಗಿಯೇ ಬಂದುಬಿಡುತ್ತವೆ. ಅವು ಚೆಂದವೇ, ಆದರೆ ಈ ಚಿತ್ರಕ್ಕೆ ಸೇರಿದವಲ್ಲ.

ಬೆಳಕೂ ಬೇರೆ. ಯೋನ್‌ಶೋಪಿಂಗ್ ಸುಮಾರು 58 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರಿನ ನಡುಹಗಲಿನಲ್ಲಿ ಅಲ್ಲಿ ಸೂರ್ಯ ದಿಗಂತದಿಂದ 9 ಡಿಗ್ರಿಯಷ್ಟು ಮಾತ್ರ ಮೇಲೇರುತ್ತಾನೆ. ಜೂನಿನ ನಡುಹಗಲಲ್ಲಿ ಅವನು ತಲುಪುವ ಎತ್ತರ ಸುಮಾರು 56 ಡಿಗ್ರಿ, ಅಂದರೆ ಬೆಂಗಳೂರಿನಲ್ಲಿ ಡಿಸೆಂಬರಿನ ನಡುಹಗಲಲ್ಲಿ ನಾವು ಕಾಣುವ ಸೂರ್ಯನ ಎತ್ತರಕ್ಕಿಂತ ಎರಡು ಡಿಗ್ರಿ ಮಾತ್ರ ಹೆಚ್ಚು. ಹೀಗಾಗಿ ಬೆಳಕು ನೆತ್ತಿಯಿಂದ ಸುರಿಯುವುದಿಲ್ಲ, ಕಾಂಡಗಳ ನಡುವೆ ಅಡ್ಡವಾಗಿ ಹಾದುಬರುತ್ತದೆ, ಒಂದು ಕೆನ್ನೆಯನ್ನೋ ಒಂದು ಕಲ್ಲಿನ ಅಂಚನ್ನೋ ಸವರಿ ನಿಂತುಬಿಡುತ್ತದೆ. ಎಲೆಗಳ ನಡುವಿನಿಂದ ನೆಲದ ಮೇಲೆ ಚುಕ್ಕೆ ಚುಕ್ಕೆಯಾಗಿ ಬೀಳುವ ನಮ್ಮ ಬಿಸಿಲನ್ನು ಇಲ್ಲಿ ಬರೆದರೆ ಮೌನವೇ ಕೆಡುತ್ತದೆ.

ಸಾಮಗ್ರಿ

ಇದಕ್ಕೆ ಹೆಚ್ಚು ಖರ್ಚಿಲ್ಲ. 300 ಜಿಎಸ್‌ಎಂ ದಪ್ಪದ, ಸ್ವಲ್ಪ ತರಿಯಿರುವ ಜಲವರ್ಣದ ಕಾಗದ ಸಾಕು. ಹತ್ತಿಯ ಕಾಗದವಾದರೆ ಪದರದ ಮೇಲೆ ಪದರ ತಡೆಯುತ್ತದೆ. 20 ಸೆಂಟಿಮೀಟರಿನ ಚೌಕವನ್ನು ಕತ್ತರಿಸಿಕೊಳ್ಳಿ. ಬಾವರ್ ಅವರ ಅನೇಕ ಚಿತ್ರಗಳು ಚೌಕಕ್ಕೆ ಹತ್ತಿರವಾದ ಆಕಾರದವು, ಆ ಆಕಾರದಲ್ಲಿ ಕಣ್ಣು ಅತ್ತಿತ್ತ ಓಡದೆ ಒಳಗೆ ನಿಲ್ಲುತ್ತದೆ. ಬಣ್ಣಗಳು ಆರು ಸಾಕು: ಯೆಲ್ಲೋ ಓಕರ್, ರಾ ಸಿಯೆನ್ನಾ, ಬರ್ಂಟ್ ಅಂಬರ್, ಅಲ್ಟ್ರಾಮರೀನ್, ಪ್ರಷ್ಯನ್ ಬ್ಲೂ ಮತ್ತು ಒಂದು ಚಿಕ್ಕ ಟ್ಯೂಬ್ ಬಿಳಿ ಗೌಶ್ (ಕೆಳಗಿನ ಬಣ್ಣವನ್ನು ಮುಚ್ಚುವ ಗಟ್ಟಿ ಜಲವರ್ಣ). ದುಂಡನೆಯ ಮೂರು ಕುಂಚ, 10, 6 ಮತ್ತು 2 ಸಂಖ್ಯೆಯವು. ನೀರಿಗೆ ಕರಗದ ಇಂಡಿಯನ್ ಇಂಕ್, ಒಂದು ಡಿಪ್ ಪೆನ್, 2ಬಿ ಪೆನ್ಸಿಲ್.

ಕಪ್ಪು ಬಣ್ಣವನ್ನು ಪಟ್ಟಿಯಲ್ಲಿ ಸೇರಿಸಿಲ್ಲ. ನನ್ನ ಮೊದಲ ಎರಡು ಪ್ರಯತ್ನಗಳಲ್ಲಿ ಟ್ಯೂಬಿನ ಕಪ್ಪನ್ನೇ ಕತ್ತಲಿಗೆ ಬಳಸಿದ್ದೆ. ಒಣಗಿದ ಮೇಲೆ ಅದು ಕಾಡಿನ ಕತ್ತಲಾಗಿರಲಿಲ್ಲ, ಕಾಗದಕ್ಕೆ ಬಿದ್ದ ತೂತಿನಂತೆ ಕಾಣುತ್ತಿತ್ತು. ಅಲ್ಟ್ರಾಮರೀನ್ ಮತ್ತು ಬರ್ಂಟ್ ಅಂಬರ್ ಬೆರೆಸಿದರೆ ಹುಟ್ಟುವ ಕಡುಗಪ್ಪು ಉಸಿರಾಡುತ್ತದೆ. ನೀಲಿ ಹೆಚ್ಚಾದರೆ ಅದು ಹಿಂದಕ್ಕೆ ಸರಿಯುತ್ತದೆ, ಕಂದು ಹೆಚ್ಚಾದರೆ ಮುಂದಕ್ಕೆ ಬರುತ್ತದೆ.

ಅಂಚೆಚೀಟಿಯಷ್ಟು ಚಿಕ್ಕದಾಗಿ

ಬಾವರ್ ಒಂದು ಚಿತ್ರವನ್ನು ಅಂಚೆಚೀಟಿಯಷ್ಟು ಚಿಕ್ಕ ಕರಡಿನಿಂದ ಆರಂಭಿಸುತ್ತಿದ್ದರು, ಅದನ್ನೇ ಮತ್ತೆ ಮತ್ತೆ, ಹೆಜ್ಜೆ ಹೆಜ್ಜೆಯಾಗಿ ದೊಡ್ಡದಾಗಿ ಬರೆಯುತ್ತ ಅಂತಿಮ ಅಳತೆಗೆ ಬರುತ್ತಿದ್ದರು. ಈ ಅಭ್ಯಾಸವನ್ನು ಅಕ್ಷರಶಃ ಪಾಲಿಸಿ. ಮೂರು ಸೆಂಟಿಮೀಟರಿನ ಚೌಕಗಳನ್ನು ಹತ್ತೋ ಹನ್ನೆರಡೋ ಹಾಕಿಕೊಂಡು, ಪೆನ್ಸಿಲ್ಲಿನ ಪಕ್ಕದ ಭಾಗದಿಂದ ಬರೀ ಕತ್ತಲು ಬೆಳಕಿನ ತುಂಡುಗಳನ್ನು ತುಂಬಿ. ಇಷ್ಟು ಚಿಕ್ಕ ಜಾಗದಲ್ಲಿ ಮೂಗು, ಬೆರಳು, ಎಲೆ ಯಾವುದನ್ನೂ ಬರೆಯಲು ಆಗುವುದಿಲ್ಲ, ಅದೇ ಇದರ ಲಾಭ. ಹನ್ನೆರಡರಲ್ಲಿ ಒಂದು ಕರಡು ಕೋಣೆಯ ಆ ಬದಿಯಿಂದ ನೋಡಿದರೂ ಏನೋ ನಡೆಯುತ್ತಿದೆ ಎನ್ನಿಸಬೇಕು. ಹಾಗೆ ಅನ್ನಿಸಿದ್ದನ್ನು ಆರು ಸೆಂಟಿಮೀಟರಿಗೆ, ಆಮೇಲೆ ಹನ್ನೆರಡಕ್ಕೆ ಹಿಗ್ಗಿಸಿ. ಪ್ರತಿ ಹಿಗ್ಗುವಿಕೆಯಲ್ಲಿ ಹೊಸ ವಿವರವನ್ನು ತುಂಬಬೇಕೆಂಬ ಆಸೆಯಾಗುತ್ತದೆ. ಹಿಂದಿನ ಕರಡಿನಲ್ಲಿದ್ದ ಕತ್ತಲಿನ ಆಕಾರವನ್ನು ಮುರಿಯದ ವಿವರಕ್ಕೆ ಮಾತ್ರ ಅವಕಾಶ ಕೊಡಿ.

ಸಂಯೋಜನೆಯಲ್ಲಿ ಮೂರು ಸಂಗತಿಗಳು ಬಾವರ್ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುತ್ತವೆ. ಆಕಾಶ ಕಾಣುವುದೇ ಅಪರೂಪ, ಕಾಂಡಗಳು ಹಾಳೆಯ ಮೇಲಂಚಿನಲ್ಲಿ ಕತ್ತರಿಸಿಹೋಗುತ್ತವೆ, ಹಾಗಾಗಿ ಮರ ಎಷ್ಟು ಎತ್ತರ ಎಂಬುದು ನೋಡುವವರ ಊಹೆಗೆ ಉಳಿಯುತ್ತದೆ. ಕಣ್ಣಿನ ಮಟ್ಟ ಕೆಳಗಿರುತ್ತದೆ, ಮಗುವೊಂದು ನಿಂತು ನೋಡಿದಂತೆ. ಮೂರನೆಯದು ಅಳತೆಯ ಅಂತರ: ಮನುಷ್ಯರು ಸಣ್ಣ, ಬಿಳಿ, ನೇರ, ಟ್ರೋಲ್‌ಗಳು ದೊಡ್ಡ, ಕಂದು, ದುಂಡು. ಕಾಂಡಗಳ ನಡುವಿನ ಅಂತರವನ್ನು ಮಾತ್ರ ಸಮನಾಗಿ ಇಡಬೇಡಿ. ಎರಡು ಒತ್ತಾಗಿ, ಒಂದು ದೂರದಲ್ಲಿ, ಮತ್ತೆ ಮೂರು ಒತ್ತಾಗಿ ಎಂಬಂತೆ ನಿಲ್ಲಿಸಿದರೆ ಕಾಡಾಗುತ್ತದೆ, ಇಲ್ಲದಿದ್ದರೆ ಬೇಲಿಯಾಗುತ್ತದೆ.

ಟ್ರೋಲ್ ಮತ್ತು ಹುಡುಗಿ

ಟ್ರೋಲ್ ಅನ್ನು ಬರೆಯುವ ಮೊದಲು ಒಂದು ಗುಂಡುಕಲ್ಲನ್ನು ಬರೆಯಿರಿ. ಕಲ್ಲಿನ ಮೇಲುಬ್ಬು ಬೆನ್ನಾಗುತ್ತದೆ, ಮುಂದೆ ಚಾಚಿದ ಭಾಗ ತಲೆಯಾಗುತ್ತದೆ, ಬಿರುಕು ಬಾಯಾಗುತ್ತದೆ. ಕುತ್ತಿಗೆ ಇರಬಾರದು, ತಲೆ ಹೆಗಲಿನೊಳಗಿಂದಲೇ ಹೊರಟು ಮೂಗು ಎಲ್ಲಕ್ಕಿಂತ ಮುಂದೆ ಜೋತುಬೀಳಲಿ. ಕಣ್ಣುಗಳು ಚಿಕ್ಕವು ಮತ್ತು ಹತ್ತಿರ ಹತ್ತಿರ. ಕೈ ಮಾತ್ರ ನಿಜವಾಗಿ ಭಾರವಾಗಿರಬೇಕು, ಬೇರಿನ ಗಂಟಿನಂತೆ. ಬಾವರ್ ಬರೆದ ಟ್ರೋಲ್‌ಗಳು ಹೆದರಿಸಲು ಹಲ್ಲು ಕಿರಿಯುವುದು ಕಡಿಮೆ. ಅವು ಮಂದಬುದ್ಧಿಯ, ಕುತೂಹಲದ, ಎಷ್ಟೋ ಸಲ ಅಕ್ಕರೆಯ ಮುದುಕ ಮುದುಕಿಯರು, ಹುಡುಗಿಯನ್ನು ಕದ್ದಿದ್ದರೂ ಅವಳನ್ನು ಏನು ಮಾಡಬೇಕೆಂದು ತಿಳಿಯದವರು. ಈ ಭಾವ ನಿಮ್ಮ ಚಿತ್ರದಲ್ಲಿ ಬರಬೇಕಾದರೆ ಹುಬ್ಬನ್ನು ಕೆಳಗೆ ಒತ್ತದೆ ಮೇಲಕ್ಕೆತ್ತಿ.

ಉಡುಗೆ ತೊಡುಗೆಯಲ್ಲಿ ಬಾವರ್ ಕಲ್ಪನೆಗಿಂತ ಕಂಡದ್ದನ್ನೇ ನಂಬಿದರು. 1904ರಲ್ಲಿ ಲಾಪ್‌ಲ್ಯಾಂಡ್ ಕುರಿತ ಪುಸ್ತಕವೊಂದರ ಕೆಲಸಕ್ಕಾಗಿ ಉತ್ತರಕ್ಕೆ ಹೋಗಿದ್ದಾಗ ಅಲ್ಲಿನ ಸಾಮಿ ಜನರ ಉಡುಪು, ನಡುಪಟ್ಟಿ, ಚಾಕು, ಪಾತ್ರೆಗಳನ್ನು ಬಹಳ ಶ್ರದ್ಧೆಯಿಂದ ಬರೆದುಕೊಂಡಿದ್ದರು. ಆ ವಸ್ತುಗಳು ಮುಂದೆ ಟ್ರೋಲ್‌ಗಳ ಸೊಂಟಕ್ಕೂ ಹೆಗಲಿಗೂ ಏರಿದವು. ಇಲ್ಲಿ ನಾನು ಒಂದು ಎಚ್ಚರದ ಮಾತು ಹೇಳಬೇಕು. ಸಾಮಿಗಳು ಇಂದೂ ಬದುಕಿರುವ ಸಮುದಾಯ, ಅವರ ಉಡುಪು ಅವರ ಗುರುತು. ಅದನ್ನು ದೈತ್ಯರಿಗೆ ತೊಡಿಸುವುದನ್ನು ನೂರು ವರ್ಷಗಳ ನಂತರ ನಾವು ಮುಂದುವರಿಸಬೇಕಾಗಿಲ್ಲ. ಬಾವರ್ ಅವರ ಕ್ರಮವನ್ನು ಕಲಿಯೋಣ, ಆ ನಕಲನ್ನು ಬಿಡೋಣ: ಬರ್ಚ್ ತೊಗಟೆಯ ಚೀಲ, ಒರಟು ಉಣ್ಣೆ, ತುಕ್ಕು ಹಿಡಿದ ಕಬ್ಬಿಣದ ಕೊಂಡಿ, ಹೀಗೆ ಯಾವುದಾದರೂ ನಿಜವಾದ ವಸ್ತುವನ್ನು ಎದುರಿಗಿಟ್ಟುಕೊಂಡು ಅಥವಾ ಅದರ ಛಾಯಾಚಿತ್ರ ನೋಡಿ ಬರೆಯಿರಿ. ಒಂದು ವಸ್ತು ನಂಬುವಂತಿದ್ದರೆ ಅದನ್ನು ಹಿಡಿದ ಕೈಯನ್ನೂ ನೋಡುವವರು ನಂಬುತ್ತಾರೆ.

ಹುಡುಗಿಯ ಆಕೃತಿಗೆ ಬೇರೆಯೇ ಮೂಲವಿದೆ. 1908ರಿಂದ 1910ರವರೆಗೆ ಬಾವರ್ ತಮ್ಮ ಪತ್ನಿ ಎಸ್ಟರ್ ಅವರೊಂದಿಗೆ ಜರ್ಮನಿ ಮತ್ತು ಇಟಲಿಯಲ್ಲಿದ್ದು ಅಲ್ಲಿನ ಹಳೆಯ ಚಿತ್ರಗಳನ್ನು ಅಭ್ಯಸಿಸಿದರು. ಎಸ್ಟರ್ ಸ್ವತಃ ಕಲಾವಿದೆ, ಅನೇಕ ರಾಜಕುಮಾರಿಯರಿಗೆ ರೂಪದರ್ಶಿ. ಆಮೇಲಿನ ಚಿತ್ರಗಳಲ್ಲಿ ರಾಜಕುಮಾರಿಯರ ನಿಲುವು ಸರಳ, ಗಂಭೀರ, ಇಟಲಿಯ ಭಿತ್ತಿಚಿತ್ರದ ದೇವತೆಯರಂತೆ. ಉಡುಗೆಯನ್ನು ಉದ್ದನೆಯ ಒಂದೇ ಆಕಾರವಾಗಿ ಬರೆಯಿರಿ, ನೆರಿಗೆ ಎರಡೋ ಮೂರೋ ಸಾಕು. ಮುಖದಲ್ಲಿ ಭಾವ ತುಂಬಲು ಹೋಗಬೇಡಿ. ತಲೆ ಎಷ್ಟು ಬಗ್ಗಿದೆ ಎಂಬುದರಲ್ಲೇ ಎಲ್ಲವೂ ಇದೆ.

ಬಣ್ಣದ ಪದರಗಳು

ಅಂತಿಮ ಕರಡನ್ನು ಕಾಗದಕ್ಕೆ ತಿಳಿಯಾದ ಗೆರೆಯಲ್ಲಿ ಇಳಿಸಿಕೊಂಡ ಮೇಲೆ, ಹುಡುಗಿಯ ಆಕಾರವೊಂದನ್ನು ಬಿಟ್ಟು ಉಳಿದ ಇಡೀ ಹಾಳೆಗೆ ರಾ ಸಿಯೆನ್ನಾದ ತೆಳು ವಾಶ್ (ನೀರು ಬೆರೆಸಿದ ಬಣ್ಣದ ಪದರ) ಕೊಡಿ. ಈ ಬೆಚ್ಚನೆಯ ತಳ ಕೊನೆಯವರೆಗೂ ಅಲ್ಲಲ್ಲಿ ಇಣುಕಿ ಚಿತ್ರವನ್ನು ಹೊಂದಿಸಿಕೊಡುತ್ತದೆ. ಹುಡುಗಿಯ ಜಾಗವನ್ನು ಕಾಪಾಡಲು ಮಾಸ್ಕಿಂಗ್ ದ್ರವ ಬಳಸುವವರಿದ್ದಾರೆ; ಅದು ಬಿಡುವ ಅಂಚು ಕತ್ತರಿಸಿ ಅಂಟಿಸಿದಂತಿರುವುದರಿಂದ ನಾನು ಕುಂಚದಿಂದಲೇ ಸುತ್ತಿಹೋಗುವುದನ್ನು ಬಯಸುತ್ತೇನೆ. ಸ್ವಲ್ಪ ಅಂಕುಡೊಂಕಾದರೂ ಆ ಅಂಚಿಗೆ ಜೀವವಿರುತ್ತದೆ.

ಒಣಗಿದ ಮೇಲೆ ದೂರದ ಕಾಂಡಗಳು. ಅಲ್ಟ್ರಾಮರೀನ್‌ಗೆ ಚೂರು ಅಂಬರ್ ಸೇರಿಸಿದ ತಿಳಿಬೂದು ಬಣ್ಣದಲ್ಲಿ ಅವುಗಳನ್ನು ಮೇಲಿನಿಂದ ಕೆಳಕ್ಕೆ ಎಳೆದು, ಬುಡದ ಹತ್ತಿರ ಒದ್ದೆ ಕುಂಚದಿಂದ ಕರಗಿಸಿಬಿಡಿ. ಮಂಜು ನೆಲದಲ್ಲಿ ಕೂತಂತೆ ಕಾಣುತ್ತದೆ. ಪ್ರತಿ ಪದರ ಪೂರ್ತಿ ಒಣಗಿದೆಯೇ ಎಂದು ತಿಳಿಯಲು ಕೈಯ ಹಿಂಭಾಗವನ್ನು ಕಾಗದಕ್ಕೆ ತಾಗಿಸಿ ನೋಡಿ, ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಬೇಸಿಗೆಯಲ್ಲಿ ಹತ್ತು ನಿಮಿಷಕ್ಕೆ ಒಣಗುವ ವಾಶ್, ಕರಾವಳಿಯ ಅಥವಾ ಮಲೆನಾಡಿನ ಮಳೆಗಾಲದಲ್ಲಿ ಒಂದು ಗಂಟೆಯಾದರೂ ಹಸಿಯಾಗಿಯೇ ಇರಬಹುದು. ಅವಸರ ಮಾಡಿದರೆ ಕೆಳಗಿನ ಪದರ ಎದ್ದು ಕೆಸರಾಗುತ್ತದೆ.

ಮುಂದಿನದೇ ಅತ್ಯಂತ ಮುಖ್ಯ ಹೆಜ್ಜೆ. ಬಂಡೆ, ಟ್ರೋಲ್, ಅದರ ಹಿಂದಿನ ಬೇರು, ಕೆಳಗಿನ ಪೊದೆ ಎಲ್ಲವನ್ನೂ ಒಂದೇ ವಾಶ್‌ನಲ್ಲಿ, ಒಂದೇ ಕಂದುಹಸಿರಿನಲ್ಲಿ, ನಡುವೆ ಎಲ್ಲೂ ನಿಲ್ಲದೆ ತುಂಬಿ. ಓಕರ್‌ಗೆ ಸ್ವಲ್ಪವೇ ಪ್ರಷ್ಯನ್ ಬ್ಲೂ ಮತ್ತು ಅಂಬರ್ ಬೆರೆಸಿದರೆ ಆ ಪಾಚಿಯ ಬಣ್ಣ ಸಿಗುತ್ತದೆ. ಪ್ರಷ್ಯನ್ ಬ್ಲೂ ಬಹಳ ಬಲವಾದ ಬಣ್ಣ, ಕುಂಚದ ತುದಿಯಷ್ಟು ಸಾಕು. ಈ ಹಂತದಲ್ಲಿ ಟ್ರೋಲ್ ಕಾಣೆಯಾಗುತ್ತದೆ, ಕಷ್ಟಪಟ್ಟು ಬರೆದ ಮೂಗು ಮುಳುಗಿಹೋಯಿತೆಂದು ಮನಸ್ಸು ಅಳುಕುತ್ತದೆ. ಮುಳುಗಲಿ. ವಾಶ್ ಇನ್ನೂ ಅರೆಹಸಿಯಾಗಿರುವಾಗ, ಹಿಂಡಿದ ಕುಂಚದಿಂದ ಬೆಳಕು ತಾಗುವ ಕಡೆ ಮಾತ್ರ ಬಣ್ಣವನ್ನು ಎತ್ತಿಕೊಳ್ಳಿ: ಮೂಗಿನ ಏಣು, ಒಂದು ಕೆನ್ನೆಮೂಳೆ, ಬೆರಳಿನ ಗೆಣ್ಣು, ಬಂಡೆಯ ನೆತ್ತಿ. ಒಣಗಿದ ನಂತರ ಆಳವಾದ ನೆರಳನ್ನು ಕಣ್ಣಿನ ಗುಳಿ, ತೋಳಿನ ಕೆಳಭಾಗ, ಕಲ್ಲಿನ ಬುಡ ಇಲ್ಲೆಲ್ಲ ಒಂದೇ ಬೆರಕೆಯಿಂದ ಹಾಕಿ. ಟ್ರೋಲ್‌ನ ಬೆನ್ನು ಬಂಡೆಯನ್ನು ತಾಗುವ ಕಡೆ ಕನಿಷ್ಠ ಒಂದು ಜಾಗದಲ್ಲಾದರೂ ಗೆರೆ ಇಲ್ಲದೆ ಎರಡೂ ಬೆಸೆದುಕೊಂಡಿರಲಿ. ಆ ಒಂದು ಜಾಗದಿಂದಲೇ ಟ್ರೋಲ್ ಬಂಡೆಯೊಳಗಿಂದ ಎದ್ದುಬಂದ ಹಾಗೆ ಕಾಣುವುದು.

ಪಾಚಿಗೆ ಕುಂಚವನ್ನು ಬಹುತೇಕ ಒಣಗಿಸಿಕೊಂಡು, ಗಟ್ಟಿ ಓಕರ್‌ಹಸಿರನ್ನು ಕಾಗದದ ತರಿಯ ಮೇಲೆ ಸವರಿದರೆ ಸಾಕು. ಎಳೆ ಎಳೆಯಾಗಿ ಬರೆಯುವ ಅಗತ್ಯವಿಲ್ಲ. ನೀರು ಇದ್ದರೆ, ಪ್ರತಿಬಿಂಬ ವಸ್ತುವಿನ ನೇರ ಕೆಳಗೇ ಬರಬೇಕು. ಬೆಳಕಿನ ವಸ್ತುವಿನ ಬಿಂಬ ವಸ್ತುವಿಗಿಂತ ಸ್ವಲ್ಪ ಕಪ್ಪು, ಕಪ್ಪು ವಸ್ತುವಿನ ಬಿಂಬ ಸ್ವಲ್ಪ ತಿಳಿ.

ಹತ್ತಿರದ ಒಂದೆರಡು ಕಾಂಡಗಳಿಗೆ ಅತ್ಯಂತ ಗಾಢವಾದ ಬೆರಕೆಯನ್ನು ಕೊಟ್ಟ ಮೇಲೆಯೇ ಹುಡುಗಿಯ ಕಡೆಗೆ ಬನ್ನಿ. ಅಷ್ಟು ಹೊತ್ತಿಗೆ ಅವಳು ಬರೀ ಬಿಳಿ ಕಾಗದವಾಗಿದ್ದರೂ ಹೊಳೆಯುತ್ತಿರುತ್ತಾಳೆ. ಕೂದಲಿಗೆ ಓಕರ್, ಕೆನ್ನೆಯ ನೆರಳಿಗೆ ನೀರಾದ ಸಿಯೆನ್ನಾ, ಉಡುಗೆಯ ಒಂದು ಬದಿಗೆ ತಿಳಿಬೂದು, ಅಷ್ಟೇ. ಬಿಳಿ ಗೌಶ್ ಅನ್ನು ಕಿರೀಟದ ಮೊನೆ, ನೀರಿನ ಮೇಲಿನ ಒಂದು ಮಿಣುಕು, ಟ್ರೋಲ್‌ನ ಕಣ್ಣಿನ ಚುಕ್ಕೆ ಇಂಥ ಮೂರು ನಾಲ್ಕು ಕಡೆ ಬಳಸಿ ಮುಚ್ಚಿಡಿ. ಶಾಯಿಯ ಗೆರೆ ಬೇಕೆನ್ನಿಸಿದರೆ ಹತ್ತಿರದ ಅಂಚುಗಳಿಗೆ ಮಾತ್ರ, ಅದೂ ತುಂಡು ತುಂಡಾಗಿ.

ನಾರ್ವೆ ಮತ್ತು ಡೆನ್ಮಾರ್ಕಿನ ದಾರಿ

ಇದೇ ಕಾಲದ ಇನ್ನಿಬ್ಬರ ರೀತಿ ಕಲಿಯಬಯಸುವವರು ಮೇಲಿನ ಹೆಜ್ಜೆಗಳನ್ನು ಬದಲಿಸಿಕೊಳ್ಳಬೇಕಾಗುತ್ತದೆ. ನಾರ್ವೆಯ ಕಿಟ್ಟೆಲ್ಸನ್ (1857–1914) ಭೂದೃಶ್ಯದಿಂದ ಹೊರಡುತ್ತಾರೆ. 1906ರ ಅವರ ಕಾಡಿನ ಟ್ರೋಲ್ ಮರಗಳ ಎತ್ತರಕ್ಕೆ ನಿಂತ ಒಂದು ಬೆಟ್ಟ, ಒಂದೇ ಕಣ್ಣು, ಮೈಮೇಲೆ ಕಾಡು ಬೆಳೆದಿದೆ. ಅಂಥದ್ದಕ್ಕೆ ಬಣ್ಣಕ್ಕಿಂತ ಪೆನ್ಸಿಲ್ ಮತ್ತು ಇದ್ದಿಲು ಒಳ್ಳೆಯದು, ಹುಡುಗಿಯೂ ಬೇಕಾಗಿಲ್ಲ. 1900ರಲ್ಲಿ ಹೊರಬಂದ, ಮಧ್ಯಯುಗದ ಪ್ಲೇಗ್ ಕುರಿತ ಅವರ ಪುಸ್ತಕದ ಚಿತ್ರಗಳನ್ನು ನೋಡಿದರೆ ಬೂದುಬಣ್ಣ ಒಂದರಿಂದಲೇ ಎಷ್ಟು ಭಯ ಹುಟ್ಟಿಸಬಹುದೆಂದು ತಿಳಿಯುತ್ತದೆ.

ಡೆನ್ಮಾರ್ಕಿನ ಚಿತ್ರಕಾರ ಕಾಯ್ ನೀಲ್ಸನ್ (1886–1957) ಪೂರ್ತಿ ಬೇರೆ. ನಾರ್ವೆಯ ಜನಪದ ಕಥೆಗಳಿಗೆ ಅವರು ಬರೆದ, 1914ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ 25 ವರ್ಣಚಿತ್ರಗಳಲ್ಲಿ ಗೆರೆಯೇ ರಾಜ. ಜಪಾನಿನ ಮರದಚ್ಚಿನ ಚಿತ್ರಗಳಂತೆ ಚಪ್ಪಟೆಯಾದ ಬಣ್ಣ, ದೊಡ್ಡ ಖಾಲಿ ಜಾಗ, ಉಡುಗೆಯ ತುಂಬ ಕುಸುರಿ. ಅವರ ದಾರಿಯಲ್ಲಿ ಮೊದಲು ಶಾಯಿಯ ಗೆರೆಯನ್ನು ಮುಗಿಸಿ ಆಮೇಲೆ ಬಣ್ಣ ತುಂಬಬೇಕು. ಬಾವರ್ ಕ್ರಮದ ಕರಗುವ ಅಂಚುಗಳಿಗೆ ಅಲ್ಲಿ ಕೆಲಸವಿಲ್ಲ. ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸುವುದನ್ನು ನಾನು ಒಪ್ಪುವುದಿಲ್ಲ. ಒಂದು ಕತ್ತಲನ್ನು ನಂಬುತ್ತದೆ, ಇನ್ನೊಂದು ಅಲಂಕಾರವನ್ನು.

ಮುಗಿಸುವುದು

ಚಿತ್ರ ಮುಗಿಯಿತೋ ಇಲ್ಲವೋ ಎಂದು ಪರೀಕ್ಷಿಸಲು ಅದರ ಫೋಟೋ ತೆಗೆದು, ಪರದೆಯ ಮೇಲೆ ಮತ್ತೆ ಅಂಚೆಚೀಟಿಯಷ್ಟು ಚಿಕ್ಕದಾಗಿಸಿ, ಮೊದಲ ಕರಡಿನ ಪಕ್ಕದಲ್ಲಿಟ್ಟು ನೋಡಿ. ಹುಡುಗಿ ತಕ್ಷಣ ಕಾಣಬೇಕು, ಟ್ರೋಲ್ ಒಂದು ಗಳಿಗೆ ತಡವಾಗಿ ಕಾಣಬೇಕು. ಎರಡೂ ಒಟ್ಟಿಗೆ ಕಂಡರೆ ಟ್ರೋಲ್‌ನ ಮೇಲೆ ಇನ್ನೊಂದು ತೆಳು ನೆರಳನ್ನು ಎಳೆಯಿರಿ. ಟ್ರೋಲ್ ಕಾಣಲೇ ಇಲ್ಲವೆಂದರೆ ಮೂಗಿನ ಏಣಿನ ಬೆಳಕನ್ನು ಸ್ವಲ್ಪ ಹೆಚ್ಚಿಸಿ, ಬೇರೇನನ್ನೂ ಮುಟ್ಟಬೇಡಿ.

ಬಾವರ್ ಅವರ ಒಂದು ಚಿತ್ರವನ್ನೇ ನೋಡಿ ಬರೆದಿದ್ದರೆ ನಿಮ್ಮ ಸಹಿಯ ಪಕ್ಕದಲ್ಲಿ ‘ಬಾವರ್ ಅನುಸರಿಸಿ’ ಎಂದು ಸೇರಿಸಿ. ಸ್ವಂತ ಸಂಯೋಜನೆಯಾದರೆ ನಿಮ್ಮ ಹೆಸರು ಮಾತ್ರ ಸಾಕು. ಆ ಚಿತ್ರವನ್ನು ಯಾರಾದರೂ ಪುಸ್ತಕಕ್ಕೆ ಕೇಳಿದರೆ ಸ್ಕ್ಯಾನ್ ಮಾಡಿದ ಪ್ರತಿಯನ್ನು ಕೊಟ್ಟು ಮೂಲವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ, ಹಕ್ಕು ಯಾರದೆಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ. 1911ರ ಸಂಪುಟದಲ್ಲಿ ಬಾವರ್ ಅವರ ಚಿತ್ರಗಳಿಲ್ಲದಿರುವುದಕ್ಕೆ ಕಾರಣ, ಅವರು ತಮ್ಮ ಮೂಲಚಿತ್ರಗಳನ್ನೂ ಅವುಗಳ ಹಕ್ಕನ್ನೂ ತಮಗೇ ಬೇಕೆಂದು ಕೇಳಿ ಪ್ರಕಾಶಕರೊಂದಿಗೆ ಒಮ್ಮತಕ್ಕೆ ಬಾರದೆ ಹೋದದ್ದು. ಮರುವರ್ಷ ಅವರು ಮರಳಿದರು. ಆರು ವರ್ಷಗಳ ನಂತರ, 1918ರ ನವೆಂಬರಿನಲ್ಲಿ, ವೆಟ್ಟರ್ನ್ ಸರೋವರದಲ್ಲಿ ಮುಳುಗಿದ ಹಡಗಿನಲ್ಲಿ ಎಸ್ಟರ್ ಮತ್ತು ಪುಟ್ಟ ಮಗನೊಂದಿಗೆ ಅವರು ತೀರಿಕೊಂಡರು, ಆಗ ಅವರಿಗೆ 36 ವರ್ಷ. ಅವರ ಕೃತಿಗಳ ದೊಡ್ಡ ಸಂಗ್ರಹ ಇಂದು ಯೋನ್‌ಶೋಪಿಂಗ್‌ನ ಪ್ರಾಂತೀಯ ವಸ್ತುಸಂಗ್ರಹಾಲಯದಲ್ಲಿದೆ. ಸ್ವೀಡನ್ನಿನಲ್ಲಿರುವ ಅಥವಾ ಅತ್ತ ಹೋಗುವ ಕನ್ನಡಿಗರು ಅಲ್ಲಿ ಬಾವರ್ ಅವರ ಮೂಲಚಿತ್ರವೊಂದರ ಮುಂದೆ ನಿಂತು, ಬಿಳಿ ಎಲ್ಲಿ ಕಾಗದದ್ದು, ಎಲ್ಲಿ ಗೌಶ್‌ನದು ಎಂದು ಹತ್ತಿರದಿಂದ ನೋಡಿ ಬರಲಿ.